ರಾಡ್ ಹಿತ್ತಲಿಗೆ ಒಯ್ದ ಮೇಲೆ ಆಂಪ್ಸ್ ಇಳಿಯಿತು, ಬಿಲ್ಲೂ ಇಳಿಯುತ್ತಾ?

ಖಾನಾವಳಿ ಅಕ್ಕ, ಬೆಟಗೇರಿ

ನಮ್ಮದು ಸಣ್ಣ ಖಾನಾವಳಿ. ಭಾಂಡೆ ತೊಳೆಯಲು 1500 ವಾಟ್ ರಾಡ್ ಹಾಕಿ ನೀರು ಕಾಯಿಸುತ್ತೇವೆ. ಮೊದಲು ಅಡುಗೆಮನೆಯಲ್ಲಿತ್ತು. ಹೋದ ತಿಂಗಳು ಮನೆಯಲ್ಲಿದ್ದ 0.5ರ (0.5 ಚದರ ಮಿ.ಮೀ. ದಪ್ಪದ) ತಾಮ್ರದ ವೈರ್ 30 ಮೀಟರ್ ಎಳೆದು ಹಿತ್ತಲಿಗೆ ಒಯ್ದೆವು. ಉದ್ದ ಸಾಲದೆ ನಡುವೆ ಒಂದು ಜಾಯಿಂಟ್ ಹಾಕಿ ಟೇಪ್ ಸುತ್ತಿದ್ದೇವೆ.

ಅಳಿಯ ಮೀಟರ್ ಹಿಡಿದು ನೋಡಿದ. ರಾಡ್ ಹಚ್ಚಿದಾಗ ಅಡುಗೆಮನೆಯಲ್ಲಿ 228 ವೋಲ್ಟ್, 6.5 ಆಂಪ್ಸ್. ಹಿತ್ತಲಲ್ಲಿ 206 ವೋಲ್ಟ್, 5.9 ಆಂಪ್ಸ್. 20 ಲೀಟರ್ ನೀರು ಮೊದಲು 35 ನಿಮಿಷಕ್ಕೆ ಕಾಯುತ್ತಿತ್ತು, ಈಗ 43 ಬೇಕು. ಆಂಪ್ಸ್ ಕಡಿಮೆ ಅಂದ್ರೆ ಬಿಲ್ ಕಡಿಮೆ ಅಂತಾನೆ ಅಳಿಯ. ನನಗೆ ನಂಬಿಕೆ ಬರುತ್ತಿಲ್ಲ. ಜಾಯಿಂಟ್ ಹತ್ತಿರ ಸುಟ್ಟ ವಾಸನೆ ಬೇರೆ. ರಾಡ್ ಕೆಟ್ಟಿದೆಯಾ?

ಐಟಿಐ ಮಾಸ್ತರ, ಧಾರವಾಡ

ಅಕ್ಕಾರೆ, ಮೊದಲು ಮೇನ್ ಸ್ವಿಚ್ ಆರಿಸಿ ಆ ವೈರ್ ಬಿಚ್ಚಿಸಿ. ಆಮೇಲೆ ಇದನ್ನು ಓದಿ.

ರಾಡ್ ಸರಿಯಾಗೇ ಇದೆ. ವೋಲ್ಟನ್ನು ಆಂಪ್ಸಿನಿಂದ ಭಾಗಿಸಿ, ಓಮ್ ಸಿಗುತ್ತದೆ, ಅಂದರೆ ಕರೆಂಟಿಗೆ ರಾಡ್ ಒಡ್ಡುವ ತಡೆ. ಎರಡೂ ಕಡೆ 35ರ ಆಸುಪಾಸೇ ಬರುತ್ತದೆ, ಅಲ್ವಾ? ಇಳಿದಿರುವುದು ರಾಡಿಗೆ ಸಿಗುವ ವೋಲ್ಟೇಜ್. ವೋಲ್ಟನ್ನು ಆಂಪ್ಸಿಗೆ ಗುಣಿಸಿದರೆ ವಾಟ್: ಆಗ 1482, ಈಗ 1215. ವೋಲ್ಟ್ ನೂರಕ್ಕೆ 10 ಇಳಿದರೆ ಆಂಪ್ಸೂ ಜೊತೆಗೇ ಇಳಿಯುತ್ತದೆ. ಅದಕ್ಕೇ ಕಾವು ನೂರಕ್ಕೆ 18 ಕಮ್ಮಿಯಾಗಿದೆ.

ಉಳಿದ 22 ವೋಲ್ಟ್ ವೈರಲ್ಲಿ ಹೋಗುತ್ತಿದೆ. 5.9ಕ್ಕೆ ಗುಣಿಸಿದರೆ 130 ವಾಟ್, ಭಾಗಿಸಿದರೆ 3.7 ಓಮ್. 0.5ರ ತಾಮ್ರ ಹೋಗಿ ಬರುವ 60 ಮೀಟರಿಗೆ ಸುಮಾರು 2 ಓಮ್ ಅಷ್ಟೇ. ಹಾಗಾದರೆ 1.7 ಓಮ್ ಜಾಯಿಂಟಲ್ಲೇ ಕೂತಿದೆ. ಅಲ್ಲಿನ ಕಾವು 5.9 × 5.9 × 1.7, ಅಂದರೆ 59 ವಾಟ್. ನಾನು ಹುಡುಗರ ಕೈಗೆ ಕೊಡುವ ಸೋಲ್ಡರಿಂಗ್ ಐರನ್ 25 ವಾಟಿನದು. ಅಂಥವು ಎರಡು ನಿಮ್ಮ ಟೇಪಿನೊಳಗಿವೆ ಅಂತ ತಿಳಿಯಿರಿ.

ವೈರ್ ತಿಂದಿದ್ದೂ ಬಿಲ್ಲಿಗೆ ಬರುತ್ತದೆ. ಈಗ ಮೀಟರ್ ನೋಡುವುದು 228 × 5.9, ಅಂದರೆ 1345 ವಾಟ್. 43 ನಿಮಿಷಕ್ಕೆ 0.96 ಯೂನಿಟ್. ಮೊದಲು 0.86 ಆಗುತ್ತಿತ್ತು. ಪ್ರತಿ ಬಕೆಟ್‌ಗೆ 0.1 ಯೂನಿಟ್ ಸುಮ್ನೆ ಹೋಗುತ್ತಿದೆ.

1.5ರ ಮೂರು ಎಳೆಯ ತಾಮ್ರದ ವೈರ್ ತನ್ನಿ. ನಡುವೆ ಜಾಯಿಂಟ್ ಬೇಡ, ಅರ್ತಿಂಗ್ ಬೇಕೇ ಬೇಕು. 6 ಆಂಪ್ಸ್ ಸಾಕೆಟ್ ಇದಕ್ಕೆ ಸಾಲದು, 16ರದ್ದು ಹಾಕಿಸಿ.

ವೈಂಡಿಂಗ್ ಅಂಗಡಿ, ರಾಣೆಬೆನ್ನೂರು

ಇದು ರಾಡಿನ ಲೆಕ್ಕ. ಬೋರ್ ಮೋಟರ್‌ಗೆ ಹಾಕಬೇಡಿ. ವೋಲ್ಟೇಜ್ ಇಳಿದರೂ ನೀರು ಎತ್ತುವ ಕೆಲಸ ಹೆಚ್ಚುಕಮ್ಮಿ ಅಷ್ಟೇ ಇರುತ್ತದೆ, ಹಾಗಾಗಿ ಮೋಟರ್ ಆಂಪ್ಸ್ ಜಾಸ್ತಿ ಎಳೆಯುತ್ತದೆ. ಹಂಗೆ ಸುಟ್ಟ ಮೋಟರ್ ಬಿಚ್ಚಿದರೆ ವೈಂಡಿಂಗ್ ಇದ್ದಿಲಿನಂತೆ ಕಪ್ಪಾಗಿರುತ್ತದೆ, ವಾರ್ನಿಷ್ ಪುಡಿಯಾಗಿ ಉದುರುತ್ತದೆ. ಮೋಟರಿನ ವಾಟ್ ಬೇಕಿದ್ದರೆ ಪವರ್ ಫ್ಯಾಕ್ಟರಿಗೂ (ವೋಲ್ಟ್ × ಆಂಪ್ಸಿನಲ್ಲಿ ಎಷ್ಟು ಪಾಲು ನಿಜವಾದ ವಾಟ್ ಅಂತ ಹೇಳುವ ಅಂಕಿ) ಗುಣಿಸಬೇಕು.

ಖಾನಾವಳಿ ಅಕ್ಕ, ಬೆಟಗೇರಿ

ಮಾಸ್ತರೆ, ವೈರ್‌ಮನ್ ಬಂದು ಟೇಪ್ ಬಿಚ್ಚಿದರು. ಪ್ಲಾಸ್ಟಿಕ್ ಕರಗಿ ಟೇಪಿಗೇ ಅಂಟಿತ್ತು. ತಾಮ್ರದ ಎಳೆಗಳು ಕಪ್ಪಾಗಿ, ಮುಟ್ಟಿದರೆ ಮುರಿಯುತ್ತಿದ್ದವು. ಅದರ ಕೆಳಗೇ ಗೋಣಿಚೀಲ ಮಡಚಿ ಇಟ್ಟಿದ್ದೆವು. ನೋಡಿ ಎದೆ ಧಸಕ್ಕೆಂದಿತು.

ನೀವು ಹೇಳಿದ ವೈರ್ ಹಾಕಿಸಿದೆ. ಹಿತ್ತಲಲ್ಲಿ ಈಗ 224 ವೋಲ್ಟ್, 6.4 ಆಂಪ್ಸ್. 36 ನಿಮಿಷಕ್ಕೆ ನೀರು ಕಾಯುತ್ತದೆ. ಅಳಿಯ ತಾನೇ ಗುಣಿಸಿ 1434 ವಾಟ್ ಅಂತ ಗೋಡೆ ಮೇಲೆ ಬರೆದಿಟ್ಟಿದ್ದಾನೆ. ಫ್ರಿಜ್ ವೈರಿನಲ್ಲೂ ಇಂಥದೇ ಒಂದು ಜಾಯಿಂಟ್ ಇದೆ. ನಾಳೆ ಅದನ್ನೂ ತೆಗೆಸುತ್ತೇನೆ.