ಸೈನ್ಯದಿಂದ ಬಂದವರಿಗೆ ಗೇಟ್ ಕೆಲಸ ಮಾತ್ರಾನಾ? ಎಚ್‌ಆರ್ ಮೇಡಂ ಜೊತೆ ಪ್ರಶ್ನೋತ್ತರ

ಪ್ರಶ್ನೆ (ನಿವೃತ್ತ ಹವಾಲ್ದಾರ್, ಅರಸೀಕೆರೆ):
ನಮಸ್ಕಾರ ಮೇಡಂ. ನಾನು ಸೈನ್ಯದ ಗಾಡಿ, ಯಂತ್ರ ರಿಪೇರಿ ಮಾಡುವ ಇಎಂಇ ವಿಭಾಗದಲ್ಲಿ ವೆಹಿಕಲ್ ಮೆಕ್ಯಾನಿಕ್ ಆಗಿದ್ದೆ. ಇಪ್ಪತ್ತು ವರ್ಷ ಸರ್ವಿಸ್ ಆಯಿತು, ಮನೆ ಕಡೆಯ ಕಾರಣಕ್ಕೆ ಬೇಗ ಪೆನ್ಷನ್ ತಗೊಂಡು ಬಂದೆ. ವಯಸ್ಸು 39. ತುಮಕೂರು, ಬೆಂಗಳೂರು ಕಡೆ ಕಂಪನಿಗಳಿಗೆ ಹೋಗಿ ಬಂದೆ. "ಆರ್ಮಿಯವರು ಅಂದ್ರೆ ನಮಗೆ ಬಹಳ ಗೌರವ, ಶಿಸ್ತು ಇರುತ್ತೆ" ಅಂತಾರೆ. ಕೊನೆಗೆ ತೋರಿಸೋದು ಮಾತ್ರ ಸೆಕ್ಯುರಿಟಿ ಕೆಲಸ. ನಾನು ಎಂಜಿನ್ ಬಿಚ್ಚಿ ಕಟ್ಟಿದವನು. ನಮ್ಮಂಥವರಿಂದ ಕಂಪನಿಗಳಿಗೆ ನಿಜವಾಗಿ ಬೇಕಾಗಿರೋದು ಏನು? ಇಂಟರ್‌ವ್ಯೂನಲ್ಲಿ ಏನು ಹೇಳಬೇಕು?

ಉತ್ತರ:
ನಮಸ್ಕಾರ ಸರ್. ನಾನು ವಾಹನದ ಬಿಡಿಭಾಗ ತಯಾರಿಸುವ ಕಾರ್ಖಾನೆಯಲ್ಲಿ ಎಚ್‌ಆರ್ ನೋಡಿಕೊಳ್ಳುತ್ತೇನೆ. ನಮ್ಮ ಮೆಂಟೆನೆನ್ಸ್, ಸ್ಟೋರ್, ಡಿಸ್ಪ್ಯಾಚ್ ಮೂರೂ ಕಡೆ ಮಾಜಿ ಸೈನಿಕರಿದ್ದಾರೆ. ಅವರ ಕೆಲಸ ನೋಡಿಯೇ ಈ ಮಾತು ಹೇಳುತ್ತಿದ್ದೇನೆ.

ಶಿಸ್ತನ್ನು ಎಲ್ಲರೂ ಹೊಗಳುತ್ತಾರೆ. ಆದರೆ ಶಿಸ್ತು ಇದೆ ಅಂತ ಯಾರೂ ಮೆಂಟೆನೆನ್ಸ್ ಕೆಲಸ ಕೊಡುವುದಿಲ್ಲ. ಅದೊಂದೇ ಕಿವಿಗೆ ಬಿದ್ದರೆ ಅವರಿಗೆ ಹೊಳೆಯುವುದು ಗೇಟು. ಇದಕ್ಕೆ ಇನ್ನೊಂದು ಕಾರಣವೂ ಇದೆ. ಖಾಸಗಿ ಸೆಕ್ಯುರಿಟಿ ಏಜೆನ್ಸಿಗಳ ಬಗ್ಗೆ 2005ರಲ್ಲಿ ಬಂದ ಕಾಯ್ದೆಯಲ್ಲೇ ಸೇನೆಯಿಂದ ಬಂದವರಿಗೆ ಆದ್ಯತೆ ಕೊಡುವ ಮಾತಿದೆ. ಸೆಕ್ಯುರಿಟಿ ಕೆಲಸ ಕೀಳು ಅಂತ ನಾನು ಹೇಳುತ್ತಿಲ್ಲ. ಬೇಕು ಅನ್ನುವವರು ಖುಷಿಯಿಂದ ಮಾಡಲಿ. ಎಂಜಿನ್ ಗೊತ್ತಿರುವವರನ್ನು ಗೇಟಿನಲ್ಲಿ ನಿಲ್ಲಿಸಿದರೆ ಮಾತ್ರ ಅದು ಕಂಪನಿಗೇ ನಷ್ಟ.

ಕಾರ್ಖಾನೆಯಲ್ಲಿ ದುಡ್ಡು ಎಲ್ಲಿ ಸೋರುತ್ತದೆ ಗೊತ್ತಾ ಸರ್? ಹೆಚ್ಚಾಗಿ ಶಿಫ್ಟ್ ಬದಲಾಗುವ ಹೊತ್ತಿನಲ್ಲಿ. ರಾತ್ರಿ ಪಾಳಿಯವರಿಗೆ ಮೋಟರಿನಿಂದ ಏನೋ ಸದ್ದು ಕೇಳಿಸಿರುತ್ತದೆ. ಹೇಳದೆ ಮನೆಗೆ ಹೋಗುತ್ತಾರೆ. ಬೆಳಗಿನವರಿಗೆ ಗೊತ್ತಿಲ್ಲ. ಹತ್ತು ಗಂಟೆಗೆ ಲೈನ್ ನಿಲ್ಲುತ್ತದೆ. ಸೈನ್ಯದಲ್ಲಿ ಚಾರ್ಜ್ ಕೊಡುವವರು, ತಗೊಳ್ಳುವವರು ಇಬ್ಬರೂ ಎದುರುಬದುರು ನಿಂತು ಎಣಿಸಿ, ನೋಡಿ, ಸಹಿ ಹಾಕುತ್ತಾರೆ. ನಿಮ್ಮ ಕೋತ್‌ನಿಂದ (ಆಯುಧ ಇಡುವ ಕೋಣೆ) ಹತ್ಯಾರ್ ಹೊರಗೆ ಹೋದರೆ ಲೆಕ್ಕ, ಒಳಗೆ ಬಂದರೆ ಮತ್ತೆ ಲೆಕ್ಕ. ಒಂದು ಕಡಿಮೆ ಬಿದ್ದರೂ ಯಾರೂ ಮಲಗುವ ಹಾಗಿಲ್ಲ ಅಲ್ವಾ? ಈ ರೂಢಿಯನ್ನು ನಾವು ಹೊಸ ಹುಡುಗರಿಗೆ ಕಲಿಸಲು ವರ್ಷಗಟ್ಟಲೆ ಒದ್ದಾಡುತ್ತೇವೆ. ನಿಮಗೆ ಅದು ಮೈಗೆ ಹತ್ತಿಬಿಟ್ಟಿದೆ. ನಿಮಗೆ ಮಾಮೂಲಿ ಅನ್ನಿಸುವುದರಿಂದ ಇಂಟರ್‌ವ್ಯೂನಲ್ಲಿ ಅದನ್ನು ಹೇಳುವುದೇ ಇಲ್ಲ.

ಎರಡನೆಯದು, ಕೈಯಲ್ಲಿ ಇದ್ದದ್ದರಲ್ಲೇ ಕೆಲಸ ನಡೆಸುವುದು. ಲಡಾಖ್ ಚಳಿಗೆ ಸಾಮಾನ್ಯ ಡೀಸೆಲ್ ಗಟ್ಟಿಯಾಗುತ್ತದೆ. ಬ್ಯಾಟರಿ ಸೋಲುತ್ತದೆ. ಅಲ್ಲಿ ಶೋರೂಮೂ ಇಲ್ಲ, ಬಿಡಿಭಾಗದ ಅಂಗಡಿಯೂ ಇಲ್ಲ. ಬೆಳಿಗ್ಗೆ ಗಾಡಿ ಸ್ಟಾರ್ಟ್ ಆಗಲೇಬೇಕು. ಅಂಥ ಕಡೆ ಕೆಲಸ ಮಾಡಿದ್ದರೆ ದಯವಿಟ್ಟು ಹೇಳಿ. ಮೆಂಟೆನೆನ್ಸ್ ಮ್ಯಾನೇಜರ್ ಕಿವಿ ಅಲ್ಲಿ ನೆಟ್ಟಗಾಗುತ್ತದೆ.

ಮೂರನೆಯದು ನನ್ನ ಪ್ರಕಾರ ಎಲ್ಲಕ್ಕಿಂತ ದೊಡ್ಡದು. ನೀವು ಎಲ್ಲಾದರೂ ಉಸ್ತಾದ್, ಅಂದರೆ ಹೊಸಬರಿಗೆ ಕೆಲಸ ಕಲಿಸುವವರು, ಆಗಿದ್ದಿರಾ? ಮೊದಲು ಹೇಳುವುದು, ಮಾಡಿ ತೋರಿಸುವುದು, ಅವರ ಕೈಯಲ್ಲಿ ಮಾಡಿಸುವುದು, ತಪ್ಪಿದರೆ ತಿದ್ದುವುದು. ಹೀಗೆ ಕಲಿಸಬಲ್ಲವರು ಶಾಪ್ ಫ್ಲೋರ್‌ನಲ್ಲಿ ಬಹಳ ಕಡಿಮೆ. ಈಗ ಪೀಣ್ಯ, ಬೊಮ್ಮಸಂದ್ರ, ಬಿಡದಿ ಎಲ್ಲ ಕಡೆ ಬಿಹಾರ, ಒಡಿಶಾ, ಜಾರ್ಖಂಡ್ ಹುಡುಗರು ತುಂಬಾ ಇದ್ದಾರೆ. ನಮ್ಮ ಕನ್ನಡದ ಸೂಪರ್‌ವೈಸರ್‌ಗೂ ಅವರಿಗೂ ಮಾತು ಸರಿಯಾಗಿ ಮುಟ್ಟುವುದಿಲ್ಲ. ನೀವು ಇಪ್ಪತ್ತು ವರ್ಷ ಹಿಂದಿಯಲ್ಲೇ ಕೆಲಸ ಮಾಡಿದ್ದೀರಿ. ದೇಶದ ಎಲ್ಲ ಕಡೆಯವರ ಜೊತೆ ಒಂದೇ ಬ್ಯಾರಕ್‌ನಲ್ಲಿ ಮಲಗಿದ್ದೀರಿ. ಮ್ಯಾನೇಜರ್‌ಗೆ ಕನ್ನಡದಲ್ಲಿ, ಹುಡುಗರಿಗೆ ಹಿಂದಿಯಲ್ಲಿ ಹೇಳಿ ಕೆಲಸ ತೆಗೆಯುವ ಒಬ್ಬ ಮೆಕ್ಯಾನಿಕ್ ಸಿಕ್ಕರೆ ನಾನಂತೂ ಬಿಡುವುದಿಲ್ಲ.

ಬಯೋಡೇಟಾದಲ್ಲಿ ಯೂನಿಟ್ ನಂಬರ್, ಎಲ್ಲಿ ಪೋಸ್ಟಿಂಗ್ ಇತ್ತು ಅಂತೆಲ್ಲ ತುಂಬಬೇಡಿ. ಓದುವವರಿಗೆ ಅರ್ಥವಾಗುವುದಿಲ್ಲ, ಬರೆಯುವುದು ಒಳ್ಳೆಯದೂ ಅಲ್ಲ. ಅದರ ಬದಲು ಎಷ್ಟು ಗಾಡಿ ನಿಮ್ಮ ಕೈಕೆಳಗೆ ಇದ್ದವು, ಎಷ್ಟು ಜನ ಇದ್ದರು, ಯಾವ ಯಾವ ಎಂಜಿನ್ ಮೇಲೆ ಕೈ ಆಡಿದೆ, ಕೆಟ್ಟು ಆಫ್ ರೋಡ್ ಆಗಿ ನಿಂತ ಗಾಡಿಗಳನ್ನು ಹೇಗೆ ಮತ್ತೆ ಓಡಿಸಿದಿರಿ, ಇಷ್ಟು ಬರೆಯಿರಿ. ಡಿಸ್ಚಾರ್ಜ್ ಬುಕ್ ಜೊತೆಗೇ ಇರಲಿ. ಅದರಲ್ಲಿ ನಿಮ್ಮ ಟ್ರೇಡ್, ಮಾಡಿದ ಕೋರ್ಸು, ನಡತೆ ಎಲ್ಲ ಇರುತ್ತದೆ.

ಸಂಬಳ ಕೇಳಿದಾಗ "ನೀವು ಕೊಟ್ಟಷ್ಟು ಕೊಡಿ ಸರ್" ಅನ್ನಬೇಡಿ. ಒಂದು ಮೊತ್ತ ಹೇಳಿ. "ಹೇಗೂ ಪೆನ್ಷನ್ ಬರುತ್ತಲ್ಲ" ಅಂತ ಕಡಿಮೆ ಮಾಡಲು ನೋಡುವವರು ಇದ್ದಾರೆ. ಅದು ತಪ್ಪು. ಪೆನ್ಷನ್ ನೀವು ಹಿಂದೆ ದುಡಿದದ್ದಕ್ಕೆ. ಸಂಬಳ ಈಗ ದುಡಿಯುವುದಕ್ಕೆ.

ಜೊತೆಗೆ ಬ್ಯಾಂಕ್ ಪರೀಕ್ಷೆಗಳ ಕಡೆಯೂ ಒಂದು ಕಣ್ಣಿರಲಿ. ಸರ್ಕಾರಿ ಬ್ಯಾಂಕುಗಳ ಕ್ಲರ್ಕ್ ಹುದ್ದೆಗಳಲ್ಲಿ ಮಾಜಿ ಸೈನಿಕರಿಗೆ 14.5% ಮೀಸಲಾತಿ ಇದೆ.

ಪ್ರಶ್ನೆ (ಸಣ್ಣ ಕಾರ್ಖಾನೆ ಮಾಲೀಕರು, ಹುಬ್ಬಳ್ಳಿ):
ಮೇಡಂ, ನಮ್ಮದು ಗೋಕುಲ ರೋಡಿನಲ್ಲಿ ವಾಲ್ವ್ ಮಾಡುವ ಸಣ್ಣ ಯೂನಿಟ್. ಸ್ಟೋರ್‌ನಲ್ಲಿ ಲೆಕ್ಕವೇ ಸಿಗುತ್ತಿಲ್ಲ. ಇದು ಓದಿದ ಮೇಲೆ ಸೈನ್ಯದವರನ್ನೇ ತಗೊಳ್ಳೋಣ ಅನ್ನಿಸಿತು. ಆದರೆ ನಮ್ಮ ಹುಡುಗರ ಮೇಲೆ ಜೋರು ಮಾಡ್ತಾರೇನೋ, ನನ್ನ ಮಗನ ಮಾತು ಕೇಳ್ತಾರೋ ಇಲ್ವೋ ಅನ್ನೋ ಭಯ. ಅವನಿಗಿನ್ನೂ 26.

ಉತ್ತರ:
ಮಗನ ವಿಷಯಕ್ಕೆ ಹೆದರಬೇಡಿ ಸರ್. ಇಪ್ಪತ್ತೆರಡು, ಇಪ್ಪತ್ತಮೂರರ ಲೆಫ್ಟಿನೆಂಟ್ ಬಂದು ನಲವತ್ತು ದಾಟಿದ ಸುಬೇದಾರ್‌ಗೆ ಮೇಲಧಿಕಾರಿ ಆಗುವುದು ಸೈನ್ಯದಲ್ಲಿ ಎಂದಿನ ಮಾತು. ಚಿಕ್ಕ ವಯಸ್ಸಿನ ಬಾಸ್‌ಗೆ ಗೌರವ ಕೊಟ್ಟುಕೊಂಡೇ ಕೆಲಸ ಕಲಿಸುವುದು ಅವರಿಗೆ ಚೆನ್ನಾಗಿ ಗೊತ್ತು.

ತೊಂದರೆ ಬರುವುದು ಬೇರೆ ಕಡೆ. ನಾವು "ಸ್ವಲ್ಪ ಸ್ಟೋರ್ ನೋಡ್ಕೊಳ್ಳಿ" ಅಂತ ಅರ್ಧಂಬರ್ಧ ಹೇಳುತ್ತೇವೆ. ಅವರಿಗೆ ಏನು ಆಗಬೇಕು, ಯಾವಾಗ ಆಗಬೇಕು, ಯಾರಿಗೆ ವರದಿ ಮಾಡಬೇಕು ಅಂತ ಸ್ಪಷ್ಟವಾಗಿ ಕೇಳಿ ರೂಢಿ. ಮಾಲೀಕರು ಒಂದು, ಮಗ ಒಂದು, ಅಕೌಂಟೆಂಟ್ ಇನ್ನೊಂದು ಹೇಳಿದರೆ ಒಳ್ಳೆಯ ಮನುಷ್ಯರೂ ಬೇಸತ್ತು ಬಿಟ್ಟು ಹೋಗುತ್ತಾರೆ. ಹೇಳುವವರು ಒಬ್ಬರೇ ಇರಲಿ. ದನಿ ಸ್ವಲ್ಪ ಜೋರು ಅನ್ನಿಸಬಹುದು, ಮೊದಲ ವಾರವೇ ಕೂರಿಸಿಕೊಂಡು ಮಾತಾಡಿ. ಕಂಪ್ಯೂಟರ್ ಎಂಟ್ರಿ ಬರದಿದ್ದರೆ ಕಲಿಸಿ. ಕಲಿಯುವುದಕ್ಕೆ ಅವರು ನಾಚಿಕೊಳ್ಳುವುದಿಲ್ಲ.

ಸ್ಟೋರ್‌ಗೆ ಎಎಸ್‌ಸಿಯಲ್ಲಿ (ಸೈನ್ಯಕ್ಕೆ ರೇಷನ್, ಇಂಧನ ಪೂರೈಸುವ ವಿಭಾಗ) ಇದ್ದವರು ಅಥವಾ ಯೂನಿಟ್‌ನ ಕ್ವಾರ್ಟರ್ ಮಾಸ್ಟರ್ ಸ್ಟೋರ್ ನೋಡಿಕೊಂಡವರು ಸಿಕ್ಕರೆ ನಿಮ್ಮ ಅದೃಷ್ಟ. ಯಾಕೆ ಅಂದರೆ, ಚಳಿಗಾಲದಲ್ಲಿ ಲಡಾಖ್ ದಾರಿಯಲ್ಲಿರುವ ಜೋಜಿಲಾ ಕಣಿವೆ ಹಿಮಕ್ಕೆ ಮುಚ್ಚುತ್ತದೆ. ಲಡಾಖ್‌ನಲ್ಲಿರುವ ಸೈನಿಕರಿಗೆ ಬೇಕಾದ ಅಕ್ಕಿ, ಬೇಳೆ, ಸೀಮೆಎಣ್ಣೆ, ಡೀಸೆಲ್, ಔಷಧಿ ಎಲ್ಲ ಬೇಸಿಗೆಯಲ್ಲೇ ಲೆಕ್ಕ ಹಾಕಿ ಮೇಲೆ ಸಾಗಿಸಿಡಬೇಕು. ಲೆಕ್ಕ ತಪ್ಪಿದರೆ ಹಿಮ ಬಿದ್ದ ಮೇಲೆ ಅಂಗಡಿಗೆ ಹೋಗಿ ತರೋಣ ಅನ್ನುವ ಹಾಗಿಲ್ಲ. ಯಾವುದು ಎಷ್ಟು ಉಳಿದಾಗ ಮತ್ತೆ ತರಿಸಬೇಕು, ಯಾವುದು ಮೊದಲು ಖರ್ಚಾಗಬೇಕು ಅನ್ನುವುದು ಅಂಥವರಿಗೆ ಬಾಯಿಪಾಠ. ನಿಮ್ಮ ವಾಲ್ವ್, ಗ್ಯಾಸ್ಕೆಟ್, ಬೋಲ್ಟ್ ಲೆಕ್ಕ ಅವರಿಗೆ ಭಾರವಾಗುವುದಿಲ್ಲ.

ಹುಡುಕಲು ಏಜೆಂಟರ ಹತ್ತಿರ ಹೋಗಬೇಡಿ. ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಯಲ್ಲಿ ಕೆಲಸದ ವಿವರ ಕೊಡಿ. ಬೆಳಗಾವಿ, ಧಾರವಾಡ, ಗದಗ, ಬಾಗಲಕೋಟೆ ಕಡೆ ಮಾಜಿ ಸೈನಿಕರಿಗೇನೂ ಕೊರತೆ ಇಲ್ಲ.

ಪ್ರಶ್ನೆ (ಐಟಿ ಉದ್ಯೋಗಿ, ಮೈಸೂರು):
ಮೇಡಂ, ನಾನು ಟೆರಿಟೋರಿಯಲ್ ಆರ್ಮಿ (ಟಿಎ) ಆಫೀಸರ್ ಪರೀಕ್ಷೆ ಬರೆಯಬೇಕು ಅಂತಿದ್ದೇನೆ. ಮ್ಯಾನೇಜರ್‌ಗೆ ಹೇಳಿದರೆ "ವರ್ಷಕ್ಕೆ ಎರಡು ತಿಂಗಳು ಇರಲ್ಲ ಅಂದ್ರೆ ಹೇಗೆ?" ಅಂದರು. ಏನು ಉತ್ತರ ಕೊಡಲಿ?

ಉತ್ತರ:
ಅವರ ಚಿಂತೆಯೂ ನ್ಯಾಯವೇ. ಅದನ್ನು ತಳ್ಳಿಹಾಕಬೇಡಿ. ಕ್ಯಾಂಪ್ ತಾರೀಖು ಗೊತ್ತಾದ ತಕ್ಷಣ ತಿಳಿಸುತ್ತೇನೆ, ನನ್ನ ಕೆಲಸ ಯಾರಿಗೆ ಒಪ್ಪಿಸಬೇಕು ಅಂತ ಮೊದಲೇ ಬರೆದು ಕೊಡುತ್ತೇನೆ ಅನ್ನಿ. ಮೊದಲ ವರ್ಷಗಳಲ್ಲಿ ತರಬೇತಿ ಎರಡು ತಿಂಗಳಿಗಿಂತ ಜಾಸ್ತಿ ಇರುತ್ತದೆ. ಅದನ್ನೂ ಮುಚ್ಚಿಡಬೇಡಿ.

ಟಿಎ ಶುರುವಾದದ್ದು 1949ರ ಅಕ್ಟೋಬರ್ 9ರಂದು, ರಾಜಾಜಿಯವರ ಕೈಯಲ್ಲಿ. ಬೇರೆ ಉದ್ಯೋಗ ಇರುವವರು ಬಿಡುವು ಮಾಡಿಕೊಂಡು ಸೈನಿಕರಾಗಲಿ ಅನ್ನುವುದೇ ಅದರ ಉದ್ದೇಶ. ಕರೆಸಿಕೊಂಡ ಸೇವೆ ಮುಗಿದ ಮೇಲೆ ಉದ್ಯೋಗದಾತರು ಮರಳಿ ಕೆಲಸಕ್ಕೆ ಸೇರಿಸಿಕೊಳ್ಳಬೇಕು ಅಂತ 1948ರ ಟಿಎ ಕಾಯ್ದೆಯಲ್ಲೇ ಇದೆ. ಆದರೆ ಮೊದಲ ಮಾತಿಗೇ ಕಾಯ್ದೆ ತೋರಿಸಬೇಡಿ. ರೈಲ್ವೆ, ಇಂಡಿಯನ್ ಆಯಿಲ್, ಒಎನ್‌ಜಿಸಿ ನೌಕರರದ್ದೇ ಟಿಎ ಯೂನಿಟ್‌ಗಳಿವೆ. ತುರ್ತು ಹೊತ್ತಿನಲ್ಲಿ ರೈಲು, ಎಣ್ಣೆ ನಿಲ್ಲಬಾರದು ಅಂತ. ಅಷ್ಟು ದೊಡ್ಡ ಸಂಸ್ಥೆಗಳು ನಡೆಸಿಕೊಂಡು ಬಂದಿವೆ ಅನ್ನುವುದೇ ಒಳ್ಳೆಯ ಉತ್ತರ.

ಕಂಪನಿಗೆ ಆಗುವ ಲಾಭವನ್ನೂ ಹೇಳಿ. ಗುರುತು ಪರಿಚಯ ಇಲ್ಲದ ಮೂವತ್ತು ಜನರನ್ನು ಕಟ್ಟಿಕೊಂಡು, ಅರೆಬರೆ ಮಾಹಿತಿಯಲ್ಲಿ ತೀರ್ಮಾನ ತಗೊಂಡು, ಅದರ ಹೊಣೆ ಹೊರುವ ಅಭ್ಯಾಸ ಅಲ್ಲಿ ಸಿಗುತ್ತದೆ. ಇದೇ ಅಭ್ಯಾಸಕ್ಕೆ ಅಂತ ಕಂಪನಿಗಳು ದುಡ್ಡು ಕೊಟ್ಟು ಟೀಮ್ ಲೀಡ್‌ಗಳನ್ನು ತರಬೇತಿಗೆ ಕಳಿಸುತ್ತವೆ.

ಪ್ರಶ್ನೆ (ಅಗ್ನಿವೀರರ ತಾಯಿ, ಗದಗ):
ನಮಸ್ಕಾರ ಮೇಡಂ. ನನ್ನ ಮಗ ಅಗ್ನಿವೀರ, ಮೊದಲ ಬ್ಯಾಚ್. ನಾಲ್ಕು ವರ್ಷ ಮುಗಿತಾ ಬಂತು. ನೂರಕ್ಕೆ 25 ಜನರನ್ನು ಮಾತ್ರ ಇಟ್ಟುಕೊಳ್ತಾರೆ ಅಂತಾರೆ. ವಾಪಸ್ ಬಂದರೆ "ಇವನನ್ನು ಬಿಟ್ಟು ಕಳಿಸಿದ್ದಾರೆ" ಅಂತ ಕಂಪನಿಯವರು ಸಸಾರ ಮಾಡ್ತಾರಾ?

ಉತ್ತರ:
ಅಮ್ಮಾ, ಯೋಜನೆಯೇ ಹಾಗಿದೆ. ನಾಲ್ಕರಲ್ಲಿ ಮೂವರು ವಾಪಸ್ ಬರಲೇಬೇಕು. ಅದು ನಿಮ್ಮ ಮಗನ ಸೋಲಲ್ಲ. ತಿಳಿದ ಎಚ್‌ಆರ್ ಯಾರೂ ಹಾಗೆ ನೋಡುವುದಿಲ್ಲ. ಯಾರಾದರೂ ಕೇಳಿದರೆ ಅವನು ತಲೆ ತಗ್ಗಿಸದೆ "ನಾಲ್ಕು ವರ್ಷದ ಅವಧಿ ಪೂರ್ತಿ ಮುಗಿಸಿದ್ದೇನೆ" ಅನ್ನಲಿ. ಆ ವಯಸ್ಸಿಗೆ ನಾಲ್ಕು ವರ್ಷ ಒಂದೇ ಕಡೆ ನಿಂತು ಕೆಲಸ ಮಾಡಿದವರು ನಮಗೆ ಎಷ್ಟು ಸಿಗುತ್ತಾರೆ ಹೇಳಿ? ಆರಾರು ತಿಂಗಳಿಗೆ ಕೆಲಸ ಬಿಡುವ ಹುಡುಗರ ನಡುವೆ ಅವನ ಬಯೋಡೇಟಾ ಎದ್ದು ಕಾಣುತ್ತದೆ.

ಕೆಲವು ವಿಷಯ ಮೊದಲೇ ಗೊತ್ತಿರಲಿ. ಅಗ್ನಿವೀರರಿಗೆ ಪೆನ್ಷನ್ ಇಲ್ಲ, ಮಾಜಿ ಸೈನಿಕ ಅನ್ನುವ ಸ್ಥಾನಮಾನವೂ ಇಲ್ಲ. ಸೇವಾ ನಿಧಿ ಅಂತ ಸುಮಾರು 11.71 ಲಕ್ಷ ರೂಪಾಯಿ ಬರುತ್ತದೆ. ಆ ದುಡ್ಡನ್ನು ಕೆಲಸ ಸಿಗುವವರೆಗೆ ಮುಟ್ಟದಿದ್ದರೆ ಒಳ್ಳೆಯದು. ಮನೆ ಕಟ್ಟೋಣ, ಗಾಡಿ ತಗೊಳ್ಳೋಣ ಅನ್ನುವ ಸಲಹೆ ಆಗ ಬಹಳ ಜನ ಕೊಡುತ್ತಾರೆ. ಬಿಎಸ್‌ಎಫ್, ಸಿಐಎಸ್‌ಎಫ್ ಕಾನ್‌ಸ್ಟೆಬಲ್ ನೇಮಕಾತಿಯಲ್ಲಿ ಅಗ್ನಿವೀರರಿಗೆ ಮೀಸಲಾತಿ ಇದೆ, ವಯಸ್ಸಿನಲ್ಲಿ ರಿಯಾಯಿತಿಯೂ ಇದೆ. ಅರ್ಜಿ ಕರೆದಾಗ ತಪ್ಪಿಸಬೇಡಿ.

ಕೌಶಲ್ಯ ಪ್ರಮಾಣಪತ್ರ ಕೈಗೆ ಬಂದ ಮೇಲೆ ಅದರಲ್ಲಿ ಹೆಸರು, ಟ್ರೇಡ್, ಜನ್ಮ ದಿನಾಂಕ ಆಧಾರ್ ಜೊತೆ ಸರಿ ಹೊಂದುತ್ತದಾ ನೋಡಲಿ. ಯೂನಿಟ್‌ನಲ್ಲಿ ಇರುವಾಗಲೇ ತಿದ್ದಿಸಿಕೊಳ್ಳುವುದು ಸುಲಭ. ಅವನ ಟ್ರೇಡ್ ಯಾವುದು, ಪಿಯುಸಿ ಆಗಿದೆಯಾ ಇಲ್ಲವಾ ಅಂತ ಇಲ್ಲೇ ಬರೆಯಿರಿ ಅಮ್ಮಾ. ಯಾವ ಥರದ ಕೆಲಸ ಹುಡುಕಬೇಕು ಅಂತ ಹೇಳುತ್ತೇನೆ.