ಪದಚರ್ಚೆ: ನಮ್ಮ ಕಡೆಯ ‘ನೈಸ್’

ನೀರುದೋಸೆಗೆ ಅಕ್ಕಿ ಕಡೆಯುವಾಗ ‘ನೈಸ್ ಆಗಬೇಕು’ ಅನ್ನುತ್ತಾರೆ. ಹೊಸ ಟೈಲ್ಸ್ ಹಾಕಿದ ಜಗಲಿಯಲ್ಲಿ ‘ನೈಸ್ ಉಂಟು, ಜಾರೀತು’ ಅನ್ನುತ್ತಾರೆ. ಕಾಸರಗೋಡಿನ ಕುಂಬಳೆ, ಬದಿಯಡ್ಕ ಕಡೆ ಇದು ದಿನದ ಮಾತು. ಇಂಗ್ಲಿಷಿನಲ್ಲಿ ನೈಸ್ ಅಂದರೆ ಚೆಂದ, ಒಳ್ಳೆಯದು. ಈ ನುಣುಪು ಎಲ್ಲಿಂದ ಬಂತು?

ಪದದ ಮೂಲ ಲ್ಯಾಟಿನ್‌ನ ‘ನೆಸ್ಕಿಯಸ್’. ‘ನೆ’ ಅಂದರೆ ಇಲ್ಲ, ‘ಸ್ಕೀರೆ’ ಅಂದರೆ ತಿಳಿಯುವುದು. ಅಂದರೆ ಏನೂ ತಿಳಿಯದವನು. ಹಳೆಯ ಫ್ರೆಂಚ್ ಮೂಲಕ ಸುಮಾರು 1300ರ ಹೊತ್ತಿಗೆ ಇಂಗ್ಲಿಷಿಗೆ ಬಂದಾಗ ಅರ್ಥ ‘ಪೆದ್ದ’ ಅಂತಲೇ. (ಸೈನ್ಸ್ ಕೂಡ ಅದೇ ಸ್ಕೀರೆಯ ಸಂತಾನ, ತಮಾಷೆ ಅಲ್ವಾ?) ಆಮೇಲೆ ಅತಿ ನಾಜೂಕಿನವನು ಎಂದಾಯಿತು. 16ನೇ ಶತಮಾನದಲ್ಲಿ ಸೂಕ್ಷ್ಮ, ನವಿರು. ‘ಚೆಂದ’ ಬಂದದ್ದು 18ನೇ ಶತಮಾನದಲ್ಲಿ. ಇದೇನೂ ನಮಗೆ ಹೊಸತಲ್ಲ. ‘ಮುಗ್ಧ’ಕ್ಕೂ ಸಂಸ್ಕೃತದಲ್ಲಿ ಪೆದ್ದ ಅನ್ನುವ ಅರ್ಥ ಉಂಟು, ನಾವು ಅದನ್ನು ಮಗುವಿನ ನಗುವಿಗೆ ಹೇಳುತ್ತೇವೆ.

ಹಾಗಾದರೆ ನಮ್ಮ ನುಣುಪು ಆ ಹಳೆಯ ‘ನವಿರು’ ಅರ್ಥದ್ದೇ? ನನಗೆ ಒಪ್ಪಿಗೆಯಿಲ್ಲ. 1799ರಲ್ಲಿ ಕೆನರಾ, ಅಂದರೆ ನಮ್ಮ ಈ ಕರಾವಳಿ, ಈಸ್ಟ್ ಇಂಡಿಯಾ ಕಂಪೆನಿಯ ಕೈಗೆ ಹೋಗುವ ಹೊತ್ತಿಗೆ ಇಂಗ್ಲಿಷರ ಬಾಯಲ್ಲಿ ‘ಚೆಂದ’ ಆಗಲೇ ಬಂದಾಗಿತ್ತು. ನನ್ನ ಅನುಮಾನ ‘ನಯ’ದ ಮೇಲೆ. ನಯವಾಗಿ ಕಡೆ, ನಯವಾದ ಹಲಗೆ. ನಯವಾಗಿ ಮಾತಾಡಿಸು, ಇನ್ನೂ ಮುಂದೆ ಹೋದರೆ ನಯವಂಚಕ. ನುಣುಪೂ ಇದೆ, ಪುಸಲಾಯಿಸುವುದೂ ಇದೆ. ‘ನೈಸ್’ಗೂ ಇವೇ ಎರಡು ಕೆಲಸ. ಮೇಸ್ತ್ರಿ ಗೋಡೆ ನೈಸ್ ಮಾಡುತ್ತಾನೆ, ಸಾಲ ಬೇಕಾದವನು ನೈಸಾಗಿ ಮಾತಾಡುತ್ತಾನೆ. ಸದ್ದೂ ಹತ್ತಿರ. ನಯ ಕೂತಿದ್ದ ಜಾಗದಲ್ಲೇ ನೈಸ್ ಬಂದು ಕೂತಿತು ಅಂತ ನನ್ನ ಲೆಕ್ಕ.

ಮಲಯಾಳವೂ ಇದಕ್ಕೆ ಸಾಕ್ಷಿ ಹೇಳುತ್ತದೆ. ಅಲ್ಲಿ ‘ನಯತ್ತಿಲ್’ ಅಂದರೆ ಉಪಾಯವಾಗಿ, ಜಗಳವಿಲ್ಲದೆ. ಈಗಿನ ಹುಡುಗರು ಅಲ್ಲಿಗೆ ‘ನೈಸಾಯಿಟ್ಟ್’ ತರುತ್ತಾರೆ. ‘ನೈಸಾಯಿಟ್ಟ್ ಮುಙ್ಙಿ’ ಅಂದರೆ ಸದ್ದಿಲ್ಲದೆ ಜಾಗ ಖಾಲಿ ಮಾಡಿದ. ತಮಿಳಿನ ‘ನೈಸಾ’ ಕೂಡ ಹೀಗೇ. ಹಾಗಾಗಿ ಕಾಸರಗೋಡಿನಲ್ಲಿ ‘ನೈಸಾಗಿ ತಪ್ಪಿಸಿಕೊಂಡ’ ಅಂದರೆ ಅದು ನಮ್ಮದೋ ಮಲಯಾಳದ್ದೋ ಬಿಡಿಸುವುದು ಕಷ್ಟ. ಬಿಡಿಸಲೇಬೇಕು ಅಂತಲೂ ಇಲ್ಲ ಬಿಡಿ.

ತಮಿಳುನಾಡಿನ ತಾಳವಾಡಿ, ಹೊಸೂರು, ಮಹಾರಾಷ್ಟ್ರದ ಅಕ್ಕಲಕೋಟೆ ಕಡೆಯ ಕನ್ನಡದವರು ಹೇಳಿ. ನಿಮ್ಮಲ್ಲಿ ಹಿಟ್ಟಿಗೆ ನೈಸ್ ಅನ್ನುತ್ತೀರಾ, ನುಣ್ಣಗೆ, ಸಣ್ಣಗೆ ಅನ್ನುವುದೇ ಜಾಸ್ತಿಯಾ? ಮರಾಠಿ ಪಕ್ಕದವರು ‘ಬಾರೀಕ್’ (ಸಣ್ಣಗೆ) ಬಿಟ್ಟು ಇದನ್ನು ಹಿಡಿದದ್ದುಂಟಾ? ಮಾತಾಡಿ ಮರುಳು ಮಾಡುವ ನೈಸ್ ಅಲ್ಲೂ ಇದೆಯಾ?