ಇಪ್ಪತ್ತೈದು ನಿಮಿಷ ಒಂದೂ ಇಲ್ಲ, ಆಮೇಲೆ ಒಟ್ಟಿಗೆ ಮೂರು: ಬಸ್ಸುಗಳ ಸಂಖ್ಯೆ ಹೆಚ್ಚಿಸಿದರೆ ಸರಿಹೋಗುತ್ತದೆಯೇ?

ಪ್ರಶ್ನೆ — ನಿತ್ಯಪ್ರಯಾಣಿಕ

ನಾನು ಕೆಲಸಕ್ಕೆ ಹೋಗಿಬರುವ ಮಾರ್ಗದಲ್ಲಿ ವೇಳಾಪಟ್ಟಿಯ ಪ್ರಕಾರ ಹತ್ತು ನಿಮಿಷಕ್ಕೊಂದು ಬಸ್ಸಿದೆ. ಆದರೆ ಬೆಳಗಿನ ದಟ್ಟಣೆಯ ಹೊತ್ತಿನಲ್ಲಿ ಎಷ್ಟು ಕಾದರೂ ಬಸ್ಸಿನ ಸುಳಿವಿರುವುದಿಲ್ಲ. ಬಂದಾಗ ಒಂದರ ಬೆನ್ನಿಗೊಂದರಂತೆ ಮೂರು ಬರುತ್ತವೆ. ಮೊದಲನೆಯದರಲ್ಲಿ ಕಾಲಿಡಲು ಜಾಗವಿರುವುದಿಲ್ಲ, ಮೂರನೆಯದರಲ್ಲಿ ಕಿಟಕಿ ಪಕ್ಕದ ಸೀಟುಗಳೇ ಖಾಲಿ. ಒಂದು ವಾರ ಬಸ್ಸುಗಳು ಬಂದ ಸಮಯವನ್ನು ಬರೆದಿಟ್ಟುಕೊಂಡೆ. ಒಂದು ದಿನದ ಲೆಕ್ಕ ಹೀಗಿದೆ: 8.02, 8.27, 8.28, 8.31. ದೂರು ಕೊಟ್ಟಾಗಲೆಲ್ಲ ಹೊಸ ಬಸ್ಸುಗಳು ಬಂದ ಮೇಲೆ ಸರಿಹೋಗುತ್ತದೆ ಎಂಬ ಉತ್ತರವೇ ಸಿಗುತ್ತದೆ. ಬಸ್ಸುಗಳ ಕೊರತೆಯೇ ಇದಕ್ಕೆ ನಿಜವಾದ ಕಾರಣವೇ?

ಉತ್ತರ — ಹಳೆಯ ಶೆಡ್ಯೂಲು

ನೀವು ಬರೆದಿಟ್ಟ ಸಮಯಗಳಲ್ಲೇ ಅರ್ಧ ಉತ್ತರವಿದೆ. 8.02ರ ನಂತರದ 29 ನಿಮಿಷಗಳಲ್ಲಿ ಮೂರು ಬಸ್ಸುಗಳು ಬಂದಿವೆ. ಅಂದರೆ ಹತ್ತು ನಿಮಿಷಕ್ಕೊಂದು ಎಂಬ ಮಾತು ಕಾಗದದ ಮೇಲೆ ಸುಳ್ಳಾಗಿಲ್ಲ. ಆದರೆ ಆ 29 ನಿಮಿಷಗಳ ಪೈಕಿ 25 ನಿಮಿಷ ಒಂದೇ ಅಂತರದಲ್ಲಿ ಕಳೆದುಹೋಗಿರುವುದರಿಂದ, ನಿಲ್ದಾಣಕ್ಕೆ ಬಂದವರಲ್ಲಿ ಹೆಚ್ಚಿನವರು ಆ ದೊಡ್ಡ ಅಂತರಕ್ಕೇ ಸಿಕ್ಕಿಬಿದ್ದಿರುತ್ತಾರೆ. ಬಸ್ಸುಗಳು ಸಮ ಅಂತರದಲ್ಲಿ ಬಂದಿದ್ದರೆ ಒಬ್ಬರು ಸರಾಸರಿ ಐದು ನಿಮಿಷ ಕಾಯಬೇಕಾಗಿತ್ತು; ನಿಮ್ಮ ಲೆಕ್ಕದ ದಿನ ಅದು ಹತ್ತಿರಹತ್ತಿರ 11 ನಿಮಿಷವಾಗಿದೆ. ಬಸ್ಸುಗಳು ಅಷ್ಟೇ, ಡೀಸೆಲ್ ಅಷ್ಟೇ, ಕಾಯುವಿಕೆ ಮಾತ್ರ ಎರಡು ಪಟ್ಟು.

ಇದು ಚಾಲಕರ ಅಶಿಸ್ತಿನಿಂದಲೇ ಆಗಬೇಕೆಂದಿಲ್ಲ. ಒಂದು ಬಸ್ಸು ಯಾವುದೋ ಸಿಗ್ನಲ್‌ನಲ್ಲಿ ಎರಡು ನಿಮಿಷ ತಡವಾಯಿತು ಎಂದುಕೊಳ್ಳಿ. ಮುಂದಿನ ನಿಲ್ದಾಣದಲ್ಲಿ ಆ ಎರಡು ನಿಮಿಷಗಳಲ್ಲಿ ಇನ್ನಷ್ಟು ಜನ ಸೇರಿರುತ್ತಾರೆ, ಅವರು ಹತ್ತಲು ಇನ್ನಷ್ಟು ಹೊತ್ತು ಬೇಕಾಗುತ್ತದೆ, ಬಸ್ಸು ಮತ್ತೂ ಹಿಂದೆ ಬೀಳುತ್ತದೆ. ಅದರ ಹಿಂದಿನ ಬಸ್ಸಿಗೆ ಜನರೇ ಇಲ್ಲದ ನಿಲ್ದಾಣಗಳು ಸಿಗುವುದರಿಂದ ಅದು ಬೇಗಬೇಗ ಸಾಗಿ ಮುಂದಿನದರ ಬಾಲ ಹಿಡಿಯುತ್ತದೆ. ಯಾರೂ ನಡುವೆ ಕೈಹಾಕದಿದ್ದರೆ ಬಸ್ಸುಗಳು ತಾವಾಗಿಯೇ ಹೀಗೆ ಗುಂಪುಗೂಡುತ್ತವೆ ಎಂಬುದನ್ನು ನ್ಯೂವೆಲ್ ಮತ್ತು ಪಾಟ್ಸ್ ಎಂಬ ಇಬ್ಬರು 1964ರಲ್ಲೇ ಗಣಿತದ ಮೂಲಕ ವಿವರಿಸಿದ್ದರು. ಈ ಸ್ಥಿತಿಯಲ್ಲಿ ನಾಲ್ಕನೆಯ ಬಸ್ಸನ್ನು ಸೇರಿಸಿದರೆ ಅದೂ 8.32ಕ್ಕೆ ಬಂದು ಅದೇ ಸಾಲಿನಲ್ಲಿ ನಿಲ್ಲುವ ಸಾಧ್ಯತೆಯೇ ಹೆಚ್ಚು.

ಇದಕ್ಕೆ ಪರಿಹಾರವೆಂದರೆ ಗಡಿಯಾರ ನೋಡಿ ಬಸ್ಸು ಬಿಡುವುದನ್ನು ನಿಲ್ಲಿಸಿ, ಮುಂದೆ ಹೋದ ಬಸ್ಸಿನಿಂದ ಎಷ್ಟು ಅಂತರವಿದೆ ಎಂಬುದನ್ನು ನೋಡಿ ಬಿಡುವುದು. ಪ್ರತಿ ಬಸ್ಸಿನಲ್ಲೂ ಜಿಪಿಎಸ್ ಇರುವಾಗ ಇದು ತಾಂತ್ರಿಕವಾಗಿ ಕಷ್ಟವೇನಲ್ಲ. ಆದರೆ ಬಸ್ಸು ಎಷ್ಟು ಟ್ರಿಪ್ ಮುಗಿಸಿತು ಎಂಬುದನ್ನಷ್ಟೇ ಡಿಪೋದಲ್ಲಿ ಲೆಕ್ಕ ಹಾಕಿದರೆ, ಅಂತರ ಕಾಯ್ದುಕೊಳ್ಳಬೇಕೆಂದು ಯಾರಿಗೂ ಅನ್ನಿಸುವುದಿಲ್ಲ.

ಉತ್ತರ — ಪಥಕ್ಕೊಂದು ಮಾತು

ಮೇಲಿನ ವಿವರಣೆ ಸರಿ, ಆದರೆ ಬಸ್ಸು ತಡವಾಗಲು ಮೊದಲ ಕಾರಣವೇ ರಸ್ತೆ. ಹೋಗಿಬರಲು 120 ನಿಮಿಷ ಹಿಡಿಯುವ ಮಾರ್ಗದಲ್ಲಿ ಹತ್ತು ನಿಮಿಷಕ್ಕೊಂದು ಬಸ್ಸು ಓಡಿಸಲು 12 ಬಸ್ಸು ಸಾಕು. ದಟ್ಟಣೆಯಿಂದಾಗಿ ಅದೇ ಓಟಕ್ಕೆ 160 ನಿಮಿಷ ಬೇಕಾದರೆ ಅದೇ ಸೇವೆ ಕೊಡಲು 16 ಬಸ್ಸು ಬೇಕು. ಆ ಹೆಚ್ಚುವರಿ ನಾಲ್ಕು ಬಸ್ಸುಗಳಿಂದ, ಅವುಗಳ ಚಾಲಕರಿಂದ, ಪ್ರಯಾಣಿಕರಿಗೆ ಒಂದು ನಿಮಿಷದ ಲಾಭವೂ ಇಲ್ಲ. ಅವು ದಟ್ಟಣೆಗೆ ಕಟ್ಟಿದ ದಂಡ. ಬಸ್ಸಿಗೇ ಮೀಸಲಾದ ಪ್ರತ್ಯೇಕ ಪಥ ಕೊಟ್ಟು ಓಟವನ್ನು 100 ನಿಮಿಷಕ್ಕೆ ಇಳಿಸಿದರೆ ಹತ್ತೇ ಬಸ್ಸುಗಳಲ್ಲಿ ಅದೇ ಕೆಲಸ ನಡೆಯುತ್ತದೆ.

ಬ್ರೆಜಿಲ್‌ನ ಕುರಿಚಿಬಾ 1974ರಲ್ಲೇ ಬಸ್ಸಿಗೆ ಪ್ರತ್ಯೇಕ ಪಥ ಕೊಟ್ಟಿತು, ಕೊಲಂಬಿಯಾದ ಬೊಗೋಟಾ 2000ದಲ್ಲಿ ಅದನ್ನು ಇನ್ನೂ ದೊಡ್ಡ ಪ್ರಮಾಣದಲ್ಲಿ ಮಾಡಿತು. ದೆಹಲಿಯಲ್ಲಿ 2008ರಲ್ಲಿ ಆರಂಭವಾದ ಬಸ್ ಪಥವನ್ನು ಮಾತ್ರ ಕಾರಿನವರ ವಿರೋಧದ ನಡುವೆ 2016ರಲ್ಲಿ ಕಿತ್ತುಹಾಕಲಾಯಿತು. ಬಸ್ ಪಥದ ಮೇಲಿನ ಸಿಟ್ಟಿಗೆ ಒಂದು ದೃಷ್ಟಿಭ್ರಮೆಯೇ ಕಾರಣ ಎಂದು ನನಗನ್ನಿಸುತ್ತದೆ. ನಿಮಿಷಕ್ಕೊಂದರಂತೆ ಅರವತ್ತು ಜನರ ಬಸ್ಸು ಸಾಗುವ ಪಥದಲ್ಲಿ ಗಂಟೆಗೆ 3,600 ಜನ ಹೋಗುತ್ತಾರೆ, ಆದರೂ ಆ ನಿಮಿಷದ ಬಹುಪಾಲು ಅದು ಖಾಲಿಯಾಗಿಯೇ ಕಾಣುತ್ತದೆ. ಪಕ್ಕದ ಪಥದಲ್ಲಿ ಒಬ್ಬೊಬ್ಬರೇ ಕುಳಿತ ಕಾರುಗಳು ತುಂಬಿ ನಿಂತಿರುವಾಗ, ಹೆಚ್ಚು ಜನರನ್ನು ಸಾಗಿಸುತ್ತಿರುವುದು ಖಾಲಿ ಕಾಣುವ ಪಥವೇ ಎಂದರೆ ನಂಬುವವರು ಕಡಿಮೆ.

ಪಥಕ್ಕೆ ಜಾಗವೇ ಇಲ್ಲದ ಕಡೆ ದಟ್ಟಣೆಯ ಪ್ರದೇಶಕ್ಕೆ ಬರುವ ವಾಹನಗಳಿಗೆ ದಟ್ಟಣೆ ಶುಲ್ಕ ವಿಧಿಸುವುದೊಂದೇ ದಾರಿ. ಸಿಂಗಪುರ 1975ರಲ್ಲಿ, ಲಂಡನ್ 2003ರಲ್ಲಿ ಇದನ್ನು ತಂದವು. ಸ್ಟಾಕ್‌ಹೋಮ್ 2006ರಲ್ಲಿ ಮೊದಲು ಏಳು ತಿಂಗಳು ಪ್ರಯೋಗಕ್ಕೆ ಬಿಟ್ಟು, ನಗರದೊಳಕ್ಕೆ ಬಂದುಹೋಗುವ ವಾಹನಗಳು ಸುಮಾರು ಐದನೇ ಒಂದರಷ್ಟು ಇಳಿದದ್ದನ್ನು ಜನರೇ ಕಣ್ಣಾರೆ ಕಂಡ ಮೇಲೆ ಮತಕ್ಕೆ ಹಾಕಿ, ಮರುವರ್ಷ ಕಾಯಂ ಮಾಡಿತು.

ಉತ್ತರ — ಬಾಗಿಲ ಬಳಿ ನಿಂತವ

ಪಥ ಹಾಕಿದರೆ ಎಲ್ಲ ಮುಗಿಯಿತು ಎಂಬುದನ್ನು ನಾನು ಒಪ್ಪುವುದಿಲ್ಲ. ತೆರೆದ ರಸ್ತೆಯಲ್ಲಿ ಉಳಿಸಿದ ಸಮಯವನ್ನು ನಿಲ್ದಾಣದಲ್ಲಿ ಕಳೆದುಕೊಂಡರೆ ಏನು ಬಂತು? ಇಪ್ಪತ್ತು ಜನ ಒಂದೇ ಬಾಗಿಲಲ್ಲಿ ಹತ್ತಿ, ಒಬ್ಬೊಬ್ಬರೂ ಚಿಲ್ಲರೆ ಹುಡುಕುತ್ತ ಐದು ಸೆಕೆಂಡು ತೆಗೆದುಕೊಂಡರೆ ಒಂದು ನಿಲ್ದಾಣದಲ್ಲೇ 100 ಸೆಕೆಂಡು ಹೋಯಿತು. ಕುರಿಚಿಬಾ 1991ರಲ್ಲಿ ಕೊಳವೆಯಾಕಾರದ ನಿಲ್ದಾಣಗಳನ್ನು ಕಟ್ಟಿ, ಹತ್ತುವ ಮೊದಲೇ ಹಣ ಪಡೆದು, ಬಸ್ಸಿನ ನೆಲದ ಮಟ್ಟದಿಂದಲೇ ಜನ ಒಳಗೆ ಹೆಜ್ಜೆಯಿಡುವಂತೆ ಮಾಡಿದ್ದು ಇದೇ ಕಾರಣಕ್ಕೆ. ಸ್ಯಾನ್ ಫ್ರಾನ್ಸಿಸ್ಕೋ 2012ರಲ್ಲಿ ಎಲ್ಲ ಬಾಗಿಲುಗಳಿಂದಲೂ ಹತ್ತಲು ಅವಕಾಶ ಕೊಟ್ಟಿತು. ಪಥಕ್ಕೆ ಹೋಲಿಸಿದರೆ ಇದಕ್ಕೆ ಆಗುವ ಖರ್ಚು ತೀರಾ ಕಡಿಮೆ.

ಇನ್ನೊಂದು ಸಂಗತಿ, ಬಸ್ಸು ಓಡಿಸುವವರಿಗೆ ಹಣ ಯಾವುದರ ಮೇಲೆ ಸಿಗುತ್ತದೆ ಎಂಬುದು. ಟಿಕೆಟ್ಟಿನ ಹಣವೇ ಆದಾಯವಾದರೆ ಒಂದು ಬಸ್ಸು ಇನ್ನೊಂದರ ಪ್ರಯಾಣಿಕರನ್ನು ಕಸಿಯಲು ಓಡುತ್ತದೆ, ಜನರಿಲ್ಲದ ಮಾರ್ಗದತ್ತ ಯಾರೂ ತಿರುಗಿನೋಡುವುದಿಲ್ಲ. ದಕ್ಷಿಣ ಕೊರಿಯಾದ ಸೋಲ್ ನಗರ 2004ರಲ್ಲಿ ಖಾಸಗಿ ಬಸ್ಸುಗಳನ್ನು ಉಳಿಸಿಕೊಂಡೇ, ಮಾರ್ಗ ಮತ್ತು ವೇಳಾಪಟ್ಟಿಯ ಅಧಿಕಾರವನ್ನು ತನ್ನ ಕೈಗೆ ತೆಗೆದುಕೊಂಡು, ಓಡಿಸಿದ ದೂರದ ಲೆಕ್ಕದಲ್ಲಿ ಹಣ ಕೊಡತೊಡಗಿತು. ಜೊತೆಗೆ ಬಸ್ಸಿನಿಂದ ಮೆಟ್ರೋಗೆ ಬದಲಾಯಿಸಿದರೂ ದೂರಕ್ಕೆ ತಕ್ಕಂತೆ ಒಂದೇ ದರ ಎಂದು ನಿಗದಿಪಡಿಸಿತು.

ಮರುಪ್ರಶ್ನೆ — ನಿತ್ಯಪ್ರಯಾಣಿಕ

ಎಲ್ಲರಿಗೂ ಧನ್ಯವಾದಗಳು. ಅಂತರ ಕಾಯಲು ಬಸ್ಸನ್ನು ನಿಲ್ಲಿಸಿದರೆ ಒಳಗೆ ಕುಳಿತವರು ಸುಮ್ಮನಿರುತ್ತಾರೆಯೇ? ನಾನಂತೂ ಗೊಣಗುತ್ತೇನೆ.

ಉತ್ತರ — ಹಳೆಯ ಶೆಡ್ಯೂಲು

ಗೊಣಗುವುದು ನ್ಯಾಯವೇ. ಆದ್ದರಿಂದ ತುಂಬಿದ ಬಸ್ಸನ್ನು ದಾರಿಮಧ್ಯದಲ್ಲಿ ನಿಲ್ಲಿಸಬಾರದು. ಮಾರ್ಗದ ಕೊನೆಯಲ್ಲಿ, ಇಲ್ಲವೇ ಹೆಚ್ಚಿನ ಜನ ಇಳಿದುಹೋಗುವ ಒಂದೆರಡು ನಿಲ್ದಾಣಗಳಲ್ಲಿ ಮಾತ್ರ ತಡೆಹಿಡಿಯಬೇಕು. ಅದಕ್ಕಾಗಿ ಕೊನೆಯ ನಿಲ್ದಾಣದಲ್ಲಿ ಪ್ರತಿ ಓಟಕ್ಕೂ ಕೆಲವು ನಿಮಿಷಗಳ ಬಿಡುವನ್ನು ವೇಳಾಪಟ್ಟಿಯಲ್ಲೇ ಇಟ್ಟಿರಬೇಕು. ಉಳಿತಾಯದ ಹೆಸರಿನಲ್ಲಿ ಮೊದಲು ಕತ್ತರಿ ಬೀಳುವುದೇ ಆ ಬಿಡುವಿಗೆ. ತಡವಾಗಿ ತಲುಪಿದ ಚಾಲಕ ನೀರು ಕುಡಿಯಲೂ ಇಳಿಯದೆ ಬಸ್ಸು ತಿರುಗಿಸಿಕೊಂಡು ಹೊರಟರೆ, ಹೋಗುವಾಗಿನ ತಡವೆಲ್ಲ ಬರುವಾಗಲೂ ಜೊತೆಗೇ ಬರುತ್ತದೆ. ಸಾಧ್ಯವಾದರೆ ಮುಂದಿನ ವಾರ ಮೊದಲ ನಿಲ್ದಾಣದಲ್ಲೇ ನಿಂತು ಬಸ್ಸುಗಳು ಹೊರಡುವ ಸಮಯವನ್ನು ಬರೆದಿಡಿ. ಅಲ್ಲಿಂದಲೇ ಅವು ಜೋಡಿಜೋಡಿಯಾಗಿ ಹೊರಡುತ್ತಿದ್ದರೆ ದೂರನ್ನು ರಸ್ತೆಯ ಮೇಲಲ್ಲ, ವೇಳಾಪಟ್ಟಿಯ ಮೇಲೆ ಬರೆಯಬೇಕಾಗುತ್ತದೆ.